ರೆಕಾರ್ಡ್ ಹಾರುತ್ತಿದ್ದರೆ ಮುಳ್ಳಿನ ಮೇಲೆ ನಾಣ್ಯ ಇಡಬಹುದೇ?

ಅಟ್ಟದಿಂದ ಇಳಿಸಿದ ಹಳೆಯ ಎಲ್‌ಪಿ ರೆಕಾರ್ಡ್ ಹಾಡುತ್ತಾ ಹಾಡುತ್ತಾ ಥಟ್ಟನೆ ಮುಂದಕ್ಕೆ ಹಾರುತ್ತದೆ, ಇಲ್ಲವೇ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತದೆ. ಆಗ ಯಾರಾದರೂ ಹೇಳುತ್ತಾರೆ: "ಮುಳ್ಳಿನ ತಲೆಯ ಮೇಲೆ ಒಂದು ರೂಪಾಯಿ ನಾಣ್ಯ ಇಡಿ, ಸರಿಹೋಗುತ್ತದೆ." ನಾಣ್ಯ ಇಟ್ಟರೆ ಹಾರುವುದು ನಿಲ್ಲಲೂಬಹುದು. ಆದರೆ ರೆಕಾರ್ಡ್ ಹಾಳಾಗಲು ಶುರುವಾಗುವುದೂ ಆಗಲೇ.

ನಾಣ್ಯದಿಂದ ಏನಾಗುತ್ತದೆ?

ಎಲ್‌ಪಿ ತಯಾರಾಗುವುದು ವಿನೈಲ್ ಎಂಬ ಮೆದು ಪ್ಲಾಸ್ಟಿಕ್‌ನಿಂದ. ಅದರ ಮೇಲಿನ ಗೀರು ತಲೆಗೂದಲಿನಷ್ಟು ಸಪೂರ. ಈಗಿನ ಬಹುತೇಕ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳ ಮುಳ್ಳಿಗೆ ಬೇಕಾದ ಭಾರ ಸುಮಾರು 1.5ರಿಂದ 2.5 ಗ್ರಾಂ ಮಾತ್ರ. ಒಂದು ರೂಪಾಯಿ ನಾಣ್ಯದ ತೂಕವೇ 3 ಗ್ರಾಂಗಿಂತ ಹೆಚ್ಚು. ಅಂದರೆ ಮುಳ್ಳಿನ ಮೇಲಿನ ಭಾರ ಎರಡು ಪಟ್ಟು ಮೀರುತ್ತದೆ. ಗೀರಿನ ಗೋಡೆ ಸವೆಯುತ್ತದೆ, ಮುಳ್ಳನ್ನು ಹಿಡಿದಿರುವ ಸಣ್ಣ ಕಡ್ಡಿ ಬಾಗುತ್ತದೆ. ಸವೆದ ಗೀರನ್ನು ಯಾವ ರಿಪೇರಿಯೂ ಮರಳಿ ತರದು.

ಹಾಗಾದರೆ ಭಾರ ಕಡಿಮೆ ಇದ್ದಷ್ಟೂ ಒಳ್ಳೆಯದೇ? ಅದೂ ತಪ್ಪು. ಭಾರ ಸಾಲದಿದ್ದರೆ ಮುಳ್ಳು ಗೀರಿನೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ. ಕಾರ್ಟ್ರಿಜ್ ತಯಾರಕರು ಹೇಳಿದ ತೂಕವೇ ಸರಿಯಾದ ತೂಕ.

ಟೋನ್‌ಆರ್ಮ್ ಎಲ್ಲಿ ಕೂರಬೇಕು?

ಮುಳ್ಳನ್ನು ಹೊತ್ತ ಉದ್ದನೆಯ ಕೈಯೇ ಟೋನ್‌ಆರ್ಮ್. ರೆಕಾರ್ಡಿನ ಅಚ್ಚು ಕೊರೆಯುವ ಯಂತ್ರದ ಮುಳ್ಳು ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸಾಗುತ್ತದೆ. ಮನೆಯ ಪ್ಲೇಯರಿನ ಕೈ ಮಾತ್ರ ಬಾಗಿಲಿನಂತೆ ಒಂದು ಕೀಲಿನ ಮೇಲೆ ತಿರುಗುತ್ತದೆ. ಆದ್ದರಿಂದ ಅದರ ಮುಳ್ಳು ಕಮಾನಿನಂತೆ ಚಲಿಸುತ್ತದೆ. ಈ ವ್ಯತ್ಯಾಸ ತಗ್ಗಿಸಲು ಕೈಯ ತಲೆಯನ್ನು ಸ್ವಲ್ಪ ಒಳಕ್ಕೆ ಓರೆಯಾಗಿಸುತ್ತಾರೆ. ಮುಳ್ಳು ನಡುವಿನ ಸ್ಪಿಂಡಲ್ ದಾಟಿ ತುಸು ಮುಂದೆ ಬರುವಂತೆಯೂ ಕೂರಿಸುತ್ತಾರೆ. ಇದರ ಲೆಕ್ಕವನ್ನು ಲೋಫ್‌ಗ್ರೆನ್ 1938ರಲ್ಲಿ, ಬೇರ್‌ವಾಲ್ಡ್ 1941ರಲ್ಲಿ ಕೊಟ್ಟರು.

ಒಂದು ಉದಾಹರಣೆ ನೋಡಿ. ಟೆಕ್ನಿಕ್ಸ್ ಎಸ್‌ಎಲ್-1200 ಪ್ಲೇಯರಿನಲ್ಲಿ ಸ್ಪಿಂಡಲ್‌ನಿಂದ ಕೈಯ ಕೀಲಿಗೆ 215 ಮಿ.ಮೀ. ಕೀಲಿನಿಂದ ಮುಳ್ಳಿನ ತುದಿಗೆ 230 ಮಿ.ಮೀ. ಅಂದರೆ ಮುಳ್ಳು ಸ್ಪಿಂಡಲ್‌ಗಿಂತ 15 ಮಿ.ಮೀ. ಮುಂದಿರುತ್ತದೆ. ಒಂದೆರಡು ಮಿ.ಮೀ. ತಪ್ಪಿದರೂ ಕೋನ ಕೆಡುತ್ತದೆ. ಆಗ 'ಸ', 'ಶ' ಅಕ್ಷರಗಳು ಕರಕರ ಎನ್ನುತ್ತವೆ, ಅದರಲ್ಲೂ ರೆಕಾರ್ಡಿನ ಕೊನೆಯ ಹಾಡಿನಲ್ಲಿ.

ಹೊಸ ಟೋನ್‌ಆರ್ಮ್ ಹಾಕುವವರು ಅದರ ಜೊತೆ ಬರುವ ಅಳತೆಯ ನಕ್ಷೆ ಇಟ್ಟು, ಎರಡೆರಡು ಸಲ ಅಳೆದ ಮೇಲೆಯೇ ತೂತು ಕೊರೆಯಬೇಕು. ಬೇರೆ ಕಂಪನಿಯ ಕೈಗೆ ಅಳತೆಯೂ ಬೇರೆ.

ನಾಣ್ಯದ ಬದಲು ಹೀಗೆ ಮಾಡಿ

1. ಮೊದಲು ರೆಕಾರ್ಡ್ ಮತ್ತು ಮುಳ್ಳಿನ ಧೂಳು ತೆಗೆಯಿರಿ. ಎಷ್ಟೋ ಸಲ ತೊಂದರೆ ಇಲ್ಲಿಗೇ ಮುಗಿಯುತ್ತದೆ.

2. ಪ್ಲೇಯರ್ ಸಮತಟ್ಟಾಗಿದೆಯೇ ಎಂದು ಗಾರೆ ಕೆಲಸದವರು ಬಳಸುವ ನೀರುಮಟ್ಟದ ಪಟ್ಟಿಯಿಂದ ನೋಡಿ.

3. ಮುಳ್ಳಿನ ಮುಚ್ಚಳ ತೆಗೆದು, ಪ್ಲೇಯರಿನ ಆಂಟಿ-ಸ್ಕೇಟ್ ಗುಂಡಿಯನ್ನು ಸೊನ್ನೆಗೆ ತನ್ನಿ. ಕೈಯ ಹಿಂಬದಿಯ ತೂಕದ ಗುಂಡನ್ನು ತಿರುಗಿಸುತ್ತಾ, ಕೈ ತಕ್ಕಡಿಯಂತೆ ಮೇಲಕ್ಕೂ ಕೆಳಕ್ಕೂ ವಾಲದೆ ನಿಲ್ಲುವಂತೆ ಮಾಡಿ. ಮುಳ್ಳು ಯಾವುದಕ್ಕೂ ತಗುಲದಂತೆ ನೋಡಿಕೊಳ್ಳಿ.

4. ಈಗ ಗುಂಡಿನ ಮುಂದಿರುವ ಅಂಕಿಗಳ ಉಂಗುರವನ್ನಷ್ಟೇ ಸೊನ್ನೆಗೆ ತನ್ನಿ. ನಂತರ ಎರಡೂ ಒಟ್ಟಿಗೆ ತಿರುಗುವಂತೆ ಗುಂಡನ್ನು ತಿರುಗಿಸಿ, ಹೇಳಿದ ತೂಕಕ್ಕೆ, ಉದಾಹರಣೆಗೆ 2 ಗ್ರಾಂಗೆ, ನಿಲ್ಲಿಸಿ.

5. ತಿರುಗುವ ರೆಕಾರ್ಡ್ ಕೈಯನ್ನು ಸದಾ ಒಳಕ್ಕೆ ಎಳೆಯುತ್ತದೆ. ಅದನ್ನು ತಡೆಯುವುದೇ ಆಂಟಿ-ಸ್ಕೇಟ್. ಅದನ್ನೂ ಸಾಮಾನ್ಯವಾಗಿ ಅದೇ ಅಂಕಿಗೆ ಇಡಿ.

6. ಮುಳ್ಳು ರೆಕಾರ್ಡಿನ ಮೇಲಿದ್ದಾಗ ಬದಿಯಿಂದ ನೋಡಿ. ಕೈ ರೆಕಾರ್ಡಿಗೆ ಸಮಾನಾಂತರವಾಗಿರಬೇಕು.

ಇಷ್ಟಾದರೂ ಎಲ್ಲ ರೆಕಾರ್ಡೂ ಹಾರುತ್ತಿದ್ದರೆ ಮುಳ್ಳು ಸವೆದಿರಬಹುದು ಅಥವಾ ಕೈಯ ಕೀಲು ಬಿಗಿದಿರಬಹುದು. ಒಂದೇ ರೆಕಾರ್ಡ್, ಒಂದೇ ಜಾಗದಲ್ಲಿ ಹಾರಿದರೆ ದೋಷ ರೆಕಾರ್ಡಿನದು, ಕೈಯದಲ್ಲ.

ನೆನಪಿಡಿ

ಕೆಲವು ಹಳೆಯ ಸೂಟ್‌ಕೇಸ್ ಮಾದರಿಯ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್‌ಗೆ ಹೆಚ್ಚು ಭಾರ ಬೇಕು. ಅಲ್ಲಿಯೂ ತಯಾರಕರ ಅಂಕಿಯೇ ಪ್ರಮಾಣ. ಕೀಲಿ ಕೊಡುವ ಹಳೆಯ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕಲೇಬೇಡಿ. ಅದರ ಉಕ್ಕಿನ ಮುಳ್ಳು 78 ವೇಗದ ಗಟ್ಟಿ ಅರಗಿನ ತಟ್ಟೆಗಳಿಗಾಗಿ ಮಾಡಿದ್ದು.

ನಾಣ್ಯ ಇಡುವ ಸಲಹೆ ಬಂದರೆ ಮುಂದೆ ಕಳಿಸುವ ಮೊದಲು ಯೋಚಿಸಿ. ಅಜ್ಜ ಕೊಂಡುತಂದ ರೆಕಾರ್ಡ್ ಮನೆಯಲ್ಲಿ ಇರುವುದು ಒಂದೇ.