ಮುಡಿಯಿಂದ ಹೂದಾನಿಗೆ

ನಮ್ಮ ಅಜ್ಜಿಯರ ಕಾಲದಲ್ಲಿ ಹಿತ್ತಲ ಹೂವು ಹೆಚ್ಚಾಗಿ ದೇವರಿಗೆ, ಇಲ್ಲವೇ ಮುಡಿಗೆ ಸಲ್ಲುತ್ತಿತ್ತು. ದಾರದಲ್ಲಿ ಕಟ್ಟುವ ಮಲ್ಲಿಗೆಗೆ ಗೇಣುದ್ದ ಕಾಂಡವೇಕೆ? ಹೂದಾನಿಗಾದರೋ ಕಾಂಡವೇ ಆಧಾರ. 1809ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷರ ದಂಡು ನೆಲೆಸಿತು. ಬಂಗಲೆಗಳ ಕೈತೋಟದೊಂದಿಗೆ ಮೇಜಿನ ಮೇಲೆ ಹೂವಿಡುವ ಅವರ ರೂಢಿಯೂ ಬಂತು. 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಫಲಪುಷ್ಪ ಪ್ರದರ್ಶನಗಳು ಊರಿನವರಿಗೂ ಆ ರುಚಿ ಹತ್ತಿಸಿದವು.

ಡೇಲಿಯಾ, ಜೀನಿಯಾ ಮೆಕ್ಸಿಕೋ ದೇಶದವೆಂದು ಮೂಗು ಮುರಿಯಬೇಕಾಗಿಲ್ಲ. ನಮ್ಮ ಬಾಗಿಲ ತೋರಣದ ಚೆಂಡುಹೂವಿನ ತವರೂ ಅದೇ! ಹೊರಗಿನ ಹೂವನ್ನು ಮನೆಯದಾಗಿಸಿಕೊಂಡವರು ನಾವು. ಅಂಗಳವೇ ಮಾಯವಾಗುತ್ತಿರುವ ಈ ದಿನಗಳಲ್ಲಿ, ಕುಂಡದಲ್ಲಿ ಬೆಳೆದ ನಾಲ್ಕು ಹೂ, ಎರಡು ಎಲೆ, ಒಂದು ಹಿತ್ತಾಳೆಯ ಚೊಂಬು ಇದ್ದರೆ ಸಾಕು, ಮನೆಗೆ ಕಳೆ ಬರುತ್ತದೆ.