ಶಿವಮೊಗ್ಗದ ಹೆಸರಿಲ್ಲದ ಚಿತ್ರಕಾರ

ಶಿವಮೊಗ್ಗ ಎಂದೊಡನೆ ನಮ್ಮಲ್ಲಿ ಕೆಲವರಿಗೆ ತುಂಗೆ ನೆನಪಾಗುತ್ತಾಳೆ, ಕೆಲವರಿಗೆ ಕುವೆಂಪು ಅವರ ಮಲೆನಾಡು, ಇನ್ನು ಕೆಲವರಿಗೆ ಅಜ್ಜಿಯ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ. ಆ ಊರಿಗೂ ಸ್ಕಾಟ್ಲೆಂಡಿನ ಎಡಿನ್‌ಬರೋಗೂ ಒಂದು ಹಳೆಯ ನಂಟಿದೆ ಎಂದರೆ ನಮ್ಮ ಬಳಗದ ಬಹಳ ಮಂದಿ ನಂಬಲಿಕ್ಕಿಲ್ಲ. ಎಡಿನ್‌ಬರೋ ನಗರದ ರಾಯಲ್ ಬೊಟಾನಿಕ್ ಗಾರ್ಡನ್‌ನ ಸಂಗ್ರಹದಲ್ಲಿ ಶಿವಮೊಗ್ಗದ ಸುತ್ತಿನ ಗಿಡಬಳ್ಳಿಗಳ ಬಣ್ಣದ ಚಿತ್ರಗಳಿವೆ. ಅವು 1845ರಿಂದ 1847ರವರೆಗೆ ಶಿವಮೊಗ್ಗದಲ್ಲಿಯೇ ಬರೆದವು. ಬರೆಸಿದವರು ಡಾಕ್ಟರ್ ಹ್ಯೂ ಕ್ಲೆಗಾರ್ನ್. ಬರೆದವನು ಒಬ್ಬ ಮರಾಠಿ ಚಿತ್ರಕಾರ ಎಂಬಷ್ಟು ಮಾತ್ರ ಉಳಿದಿದೆ. ಅವನ ಹೆಸರು ಉಳಿದಿಲ್ಲ.

ಕ್ಲೆಗಾರ್ನ್ ಹುಟ್ಟಿದ್ದು 1820ರಲ್ಲಿ, ಮದರಾಸಿನಲ್ಲಿ. ಓದಿದ್ದು ಎಡಿನ್‌ಬರೋದಲ್ಲಿ, ವೈದ್ಯ ವಿದ್ಯೆ. ಕಂಪನಿ ಸರ್ಕಾರದ ಅಸಿಸ್ಟೆಂಟ್ ಸರ್ಜನ್ ಆಗಿ ಹಿಂತಿರುಗಿ ಬಂದು, ಕೆಲಕಾಲದ ಮೇಲೆ ಮೈಸೂರು ಸೀಮೆಯ ಶಿವಮೊಗ್ಗಕ್ಕೆ ನೇಮಕಗೊಂಡರು. ದಿನಕ್ಕೊಂದು ಗಿಡವನ್ನು ಕಾಲು ಗಂಟೆ ನೋಡಿ ತಿಳಿದುಕೋ ಎಂಬುದು ಸಸ್ಯಶಾಸ್ತ್ರಜ್ಞ ಹೂಕರ್ ಅವರ ಸಲಹೆಯಾಗಿತ್ತಂತೆ. ಕ್ಲೆಗಾರ್ನ್ ಅದನ್ನು ವ್ರತದಂತೆ ಹಿಡಿದರು. ನೋಡಿದ್ದನ್ನು ಚಿತ್ರವಾಗಿಸಲು ಚಿತ್ರಕಾರನನ್ನು ಇಟ್ಟುಕೊಂಡರು.

ಸರ್ಜನ್‌ಗೆ ಗಿಡದ ಉಸಾಬರಿ ಏಕೆ ಎಂದು ಇಂದಿನ ಮಕ್ಕಳು ಕೇಳಬಹುದು. ಆಗಿನ ಔಷಧಿಗಳಲ್ಲಿ ಬಹುಪಾಲು ಗಿಡಮೂಲಿಕೆಗಳೇ. ಎಡಿನ್‌ಬರೋದಲ್ಲಿ ವೈದ್ಯನಾಗಬೇಕಾದರೆ ಸಸ್ಯಶಾಸ್ತ್ರ ಓದಲೇಬೇಕಿತ್ತು. ಗಿಡ ಗುರುತಿಸುವುದರಲ್ಲಿ ತಪ್ಪಿದರೆ ರೋಗಿಯ ಪ್ರಾಣ ಹೋಗುತ್ತದೆ. ಈ ದೇಶದ ಬೇಲಿಗಳಲ್ಲಿಯೂ ಹಿತ್ತಿಲುಗಳಲ್ಲಿಯೂ ಬೇಸಿಗೆಯಲ್ಲಿ ಅರಳುವ ಫಾಕ್ಸ್‌ಗ್ಲೋವ್ ನಿಮಗೆಲ್ಲ ಗೊತ್ತು. 1785ರಲ್ಲಿ ವಿದರಿಂಗ್ ಎಂಬ ವೈದ್ಯರು ಅದರ ಎಲೆಯಿಂದ ಹೃದ್ರೋಗಿಗಳಿಗೆ ಚಿಕಿತ್ಸೆ ಮಾಡಿದ ಅನುಭವವನ್ನು ಪುಸ್ತಕವಾಗಿ ಅಚ್ಚು ಹಾಕಿಸಿದಾಗ, ಅದರೊಡನೆ ಗಿಡದ ಬಣ್ಣದ ಚಿತ್ರವನ್ನೂ ಸೇರಿಸಿದರು. ಹೂವಿಲ್ಲದ ಕಾಲದಲ್ಲಿ ಫಾಕ್ಸ್‌ಗ್ಲೋವ್ ಎಲೆಯನ್ನು ಕಾಮ್‌ಫ್ರೀ ಎಲೆ ಎಂದು ಬಗೆದು ಕಷಾಯ ಮಾಡಿ ಕುಡಿದು ಆಸ್ಪತ್ರೆ ಸೇರಿದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಸಸ್ಯಚಿತ್ರ ಗೋಡೆಗೆ ತೂಗುಹಾಕುವ ಅಲಂಕಾರವಾಗಿದ್ದು ಆಮೇಲೆ. ಮೊದಲು ಅದು ಒಂದು ಉಪಕರಣ, ನಮ್ಮ ಸ್ಟೆತಸ್ಕೋಪಿನ ಹಾಗೆ.

ಗಿಡವನ್ನು ಒಣಗಿಸಿ ಕಾಗದಕ್ಕೆ ಅಂಟಿಸಿ ಇಡುವ ಪದ್ಧತಿ ಆಗಲೂ ಇತ್ತು. ಆದರೆ ಒಣಗಿದ ಹೂವಿನ ಬಣ್ಣ ಹೋಗುತ್ತದೆ, ಆಕಾರ ಚಪ್ಪಟೆಯಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಉಳಿದದ್ದನ್ನು ಹುಳ ತಿನ್ನುತ್ತದೆ. ಆದ್ದರಿಂದ ಚಿತ್ರ ಬೇಕೇ ಬೇಕಿತ್ತು.

ಚಿತ್ರ ಬರೆಯುವ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯಲು ಗೌರಿಹೂವನ್ನೇ ತೆಗೆದುಕೊಳ್ಳೋಣ. ಅಗ್ನಿಶಿಖೆ ಎಂದೂ ಅದಕ್ಕೆ ಹೆಸರು. ನಮ್ಮ ಕಡೆ ಮಳೆಗಾಲದಲ್ಲಿ ಬೇಲಿಯ ಮೇಲೆ ತಾನಾಗಿ ಹಬ್ಬುತ್ತದೆ, ಇಲ್ಲಿ ಗಾಜಿನ ಮನೆಯೊಳಗೆ ಕುಂಡದಲ್ಲಿ ಬೆಳೆಸುತ್ತಾರೆ. ಆರು ದಳಗಳು ಹಿಂದಕ್ಕೆ ಬಾಗಿ ಬೆಂಕಿಯ ನಾಲಿಗೆಯಂತೆ ನಿಲ್ಲುತ್ತವೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ದಿನ ಕಳೆದಂತೆ ಪೂರ್ತಿ ಕೆಂಪು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಇಷ್ಟನ್ನು ಯಾರೂ ನೋಡುತ್ತಾರೆ. ಆದರೆ ಹೂವಿನ ನಡುವಿನ ಶಲಾಕೆ ನೆಟ್ಟಗೆ ನಿಲ್ಲದೆ ಬುಡದಲ್ಲಿಯೇ ಮುರಿದಂತೆ ಪಕ್ಕಕ್ಕೆ ತಿರುಗಿರುವುದನ್ನು ನೂರರಲ್ಲಿ ಒಬ್ಬರು ನೋಡಿದರೆ ಹೆಚ್ಚು. ಚಿತ್ರಕಾರ ಅದನ್ನು ನೋಡಲೇಬೇಕು. ಬಿಸಿಲೇರಿ ಹೂ ಬಾಡುವುದರೊಳಗೆ ನೋಡಬೇಕು. ಒಂದು ಹೂವನ್ನು ಸೀಳಿ ಅಂಡಾಶಯ, ಕೇಸರಗಳನ್ನು ಬೇರೆಯಾಗಿ ಬರೆಯಬೇಕು. ಕಾಯಿ ಬಿಡಲು ಇನ್ನೂ ಕೆಲವು ವಾರ ಬೇಕು, ಅದಕ್ಕಾಗಿ ಹಾಳೆಯಲ್ಲಿ ಜಾಗ ಬಿಟ್ಟುಕೊಂಡು ಕಾಯಬೇಕು. (ಇದರ ಗೆಡ್ಡೆ ಕಡು ವಿಷ. ಗೌಟ್ ಎಂಬ ಕೀಲುನೋವಿಗೆ ನಾವು ಬರೆದುಕೊಡುವ ಕಾಲ್ಚಿಸಿನ್ ಈ ಗೆಡ್ಡೆಯಲ್ಲಿದೆ. ಕುಂಡದಲ್ಲಿ ಬೆಳೆಸಿರುವವರು ಮಕ್ಕಳ ಮೇಲೆ ಕಣ್ಣಿಡಿ.)

ಹೀಗೆ ಬರೆದ ಚಿತ್ರ ಒಂದೇ ಗಿಡದ ಪ್ರತಿಬಿಂಬವಲ್ಲ. ಹುಳ ತಿಂದ ಎಲೆಯನ್ನು ಬಿಟ್ಟು, ಮೊಗ್ಗು, ಹೂ, ಕಾಯಿ, ಬೀಜ ಎಲ್ಲವನ್ನೂ ಒಂದೇ ಹಾಳೆಗೆ ತಂದು, ಆ ಜಾತಿಯ ಗಿಡಗಳೆಲ್ಲ ಹೇಗಿರುತ್ತವೆ ಎಂದು ತೋರಿಸುತ್ತದೆ. ಕ್ಯಾಮೆರಾ ಬಂದ ಮೇಲೂ ಈ ವಿದ್ಯೆ ಸಾಯದಿರಲು ಇದೇ ಕಾರಣ. 1787ರಲ್ಲಿ ಆರಂಭವಾದ ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್ ಇಂದಿಗೂ ಕೈಯಿಂದ ಬರೆದ ಚಿತ್ರಗಳೊಂದಿಗೆ ಹೊರಬರುತ್ತಿದೆ. ನಮ್ಮಂಥ ವೈದ್ಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಂ.ಬಿ.ಬಿ.ಎಸ್. ಮೊದಲ ವರ್ಷ ಅಂಗರಚನಾಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ ಪೆನ್ಸಿಲ್ ಹಚ್ಚಿದವರು ನಾವು. ಶವಚ್ಛೇದನದ ಮೇಜಿನ ಮೇಲೆ ನೋಡಿದರೆ ಎಲ್ಲವೂ ಒಂದೇ ಕಂದು ಬಣ್ಣ! ಅದಕ್ಕೂ ಮುಂಚೆ ಪಿ.ಯು.ಸಿ.ಯಲ್ಲಿ ದಾಸವಾಳವನ್ನು ಬ್ಲೇಡಿನಿಂದ ಸೀಳಿ ಬರೆದದ್ದು ಯಾರಿಗೆ ಮರೆತೀತು? ನೆರಳು ಹಾಕಬಾರದು, ಗೆರೆ ಒಂದೇ ಸಮ ಇರಬೇಕು ಎಂದು ಮೇಷ್ಟರು ಗದರುತ್ತಿದ್ದುದರ ಅರ್ಥ ಈಗ ಆಗುತ್ತಿದೆ.

ಶಿವಮೊಗ್ಗದ ಚಿತ್ರಕಾರ ಪಿ.ಯು.ಸಿ. ಓದಿದವನಲ್ಲ. ದೇಶೀ ಚಿತ್ರಕಾರರು ದೇವರ ಪಟ, ಅರಸರ ಭಾವಚಿತ್ರ ಬರೆದು ಕೈ ಪಳಗಿಸಿಕೊಂಡವರು. ಸೂಕ್ಷ್ಮ ಕುಂಚದ ಕೆಲಸ ಅವರಿಗೆ ಮನೆತನದ ವಿದ್ಯೆ. ಅದನ್ನೇ ಕಂಪನಿಯ ಸರ್ಜನ್‌ಗಳು ಗಿಡಗಳತ್ತ ತಿರುಗಿಸಿದರು. ಕಲಿಸಿದವರು ಯಾರು, ಕಲಿತವರು ಯಾರು ಎಂಬುದು ಅಷ್ಟು ಸುಲಭವಾಗಿ ತೀರ್ಮಾನವಾಗುವ ವಿಷಯವಲ್ಲ ಎಂದು ನಮ್ಮ ಅಭಿಪ್ರಾಯ. ಗಿಡಕ್ಕೆ ಲ್ಯಾಟಿನ್ ಹೆಸರು ಹಚ್ಚಿದವನ ಕಣ್ಣಿಗಿಂತ ಅದರ ಕೇಸರಗಳನ್ನು ಎಣಿಸಿ ಬರೆದವನ ಕಣ್ಣು ಯಾವ ರೀತಿಯಲ್ಲಿ ಕಡಿಮೆ?

ಹೆಸರು ಬರೆದಿಡುವ ರೂಢಿಯೇ ಆಗ ಇರಲಿಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಂನಲ್ಲಿ 12 ಸಂಪುಟಗಳಾಗಿ ಅಚ್ಚಾದ ಹೊರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಕೇರಳದ ವೈದ್ಯ ಇಟ್ಟಿ ಅಚ್ಯುತನ್ ಅವರ ಹೆಸರೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಹೆಸರೂ ಅವರ ಹೇಳಿಕೆಗಳೊಂದಿಗೆ ಅಚ್ಚಾಗಿವೆ. ಡಚ್ಚರಿಗೆ ಸಾಧ್ಯವಾದದ್ದು ಅದು.

ಕ್ಲೆಗಾರ್ನ್ ಅವರ ಹಿರಿಯ ಸಮಕಾಲೀನ ರಾಬರ್ಟ್ ವೈಟ್ ಈ ವಿಷಯದಲ್ಲಿ ಸ್ವಲ್ಪ ಬೇರೆಯವರು. ಅವರೂ ಎಡಿನ್‌ಬರೋದಲ್ಲಿ ಓದಿದ ಸರ್ಜನ್. 1838ರಿಂದ 1853ರವರೆಗೆ ಅವರು ದಕ್ಷಿಣ ಭಾರತದಲ್ಲಿದ್ದುಕೊಂಡು ಪ್ರಕಟಿಸಿದ ಸಸ್ಯಚಿತ್ರ ಸಂಪುಟಗಳು ಆರು, ಚಿತ್ರಫಲಕಗಳು 2101. ಬರೆದವರು ಮೊದಲು ರಂಗಯ್ಯ, ಆಮೇಲೆ ಗೋವಿಂದು. ಇಂಗ್ಲಿಷಿನಲ್ಲಿ ರುಂಗಿಯಾ, ಗೋವಿಂದೂ ಎಂದು ಏನೇನೋ ಆಗಿದೆ, ನಮ್ಮ ಕಿವಿಗೆ ಅವು ನಮ್ಮ ಬೀದಿಯ ಹೆಸರುಗಳೇ. ಫಲಕದ ಕೆಳಗೆ ಅವರ ಹೆಸರು ಇದೆ, ಪಕ್ಕದಲ್ಲಿ 'ಬರೆದವನು' ಎಂಬರ್ಥದ ಲ್ಯಾಟಿನ್ ಶಬ್ದದ ಮೊದಲ ಮೂರು ಅಕ್ಷರ. 1853ರಲ್ಲಿ ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯಿಯಾ ಎಂದೇ ಹೆಸರಿಟ್ಟರು. ದುರದೃಷ್ಟವೆಂದರೆ, ಅದು ಅದಕ್ಕೂ ಮೊದಲೇ ಹೆಸರು ಪಡೆದ ಟ್ರೋಪಿಡಿಯಾ ಕುಲಕ್ಕೆ ಸೇರಿದ್ದೆಂದು ತೀರ್ಮಾನವಾಯಿತು. ಹಳೆಯ ಹೆಸರೇ ಉಳಿಯಬೇಕೆಂಬುದು ಸಸ್ಯಶಾಸ್ತ್ರದ ನಿಯಮ, ಗೋವಿಂದುವಿನ ಹೆಸರು ಬಿದ್ದುಹೋಯಿತು. ಅದೇ ವೈಟ್ 1848ರಲ್ಲಿ ಕಣಗಿಲೆಯ ಕುಟುಂಬದ ಒಂದು ಕುಲಕ್ಕೆ ಕ್ಲೆಗಾರ್ನಿಯಾ ಎಂದು ಹೆಸರಿಟ್ಟಿದ್ದರು. ಅದು ಇಂದಿಗೂ ಗಟ್ಟಿಯಾಗಿ ನಿಂತಿದೆ. ಇದರಲ್ಲಿ ಯಾರ ಪಿತೂರಿಯೂ ಇಲ್ಲ, ಆದರೂ ಮನಸ್ಸಿಗೆ ಪಿಚ್ಚೆನಿಸುತ್ತದೆ.

ಕ್ಲೆಗಾರ್ನ್ ಅವರ ಮುಂದಿನ ಕಥೆ ದೊಡ್ಡದು. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿ ಗೋವಿಂದುವಿನಿಂದಲೂ ಚಿತ್ರ ಬರೆಸಿದರು. 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಅದೇ ವರ್ಷ ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದುದರಲ್ಲಿಯೂ ಅವರ ಸಲಹೆಯಿತ್ತು. ಕಾಡು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ವಿರೋಧಿಸಿದವರಲ್ಲಿ ಅವರು ಮುಖ್ಯರು. ಕಾಡು ಉಳಿಯಿತು ಎನ್ನುವವರೂ, ಕುಮರಿ ಮಾಡುತ್ತಿದ್ದವರ ಅನ್ನ ಹೋಯಿತು ಎನ್ನುವವರೂ ಇದ್ದಾರೆ. ಅದು ಬೇರೆಯೇ ಲೇಖನವಾಗಬೇಕು. ಅವರ ಸಂಗ್ರಹದ ಚಿತ್ರಗಳ ಬಗ್ಗೆ ಎಡಿನ್‌ಬರೋದ ಹೆನ್ರಿ ನೋಲ್ಟಿ ಅವರು 2016ರಲ್ಲಿ ಪುಸ್ತಕ ಹೊರತಂದಿದ್ದಾರೆ, ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ.

ಲಾಲ್‌ಬಾಗಿನಲ್ಲಿ ಮುಂದೆ 19ನೆಯ ಶತಮಾನದ ಕೊನೆಗೂ 20ನೆಯ ಶತಮಾನದ ಮೊದಲಿಗೂ ಚೆಲುವಯ್ಯ ರಾಜು ಎಂಬ ಚಿತ್ರಕಾರರಿದ್ದರು. ತೋಟದ ಹೂಹಣ್ಣುಗಳನ್ನು ಅವರು ಬರೆದರು, ಅವರ ಹೆಸರು ಚಿತ್ರಗಳೊಂದಿಗೆ ಉಳಿದಿದೆ. ಆದರೆ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ನೂಕುನುಗ್ಗಲಿನಲ್ಲಿ ಬೆವರಿದ ನಮ್ಮಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೇವೆ?

ಕೊನೆಗೊಬ್ಬರು, ನಮ್ಮ ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ. ಅವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಪ್ರಸಂಗಗಳ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿನ ಗಿಡಗಳ ರೇಖಾಚಿತ್ರಗಳೂ ಅವರ ಕೈಯವೇ. ಗಿಡ ಹುಡುಕಿದವರು, ಗುರುತಿಸಿದವರು, ಬರೆದವರು, ಕನ್ನಡದಲ್ಲಿ ನಗಿಸುತ್ತ ಹೇಳಿದವರು ಎಲ್ಲ ಒಬ್ಬರೇ. ಊರಿಗೆ ಹೋದಾಗ ಒಂದು ಪ್ರತಿ ಕೊಂಡು ತನ್ನಿ. ಅಲ್ಲಿಯವರೆಗೆ ತಾಳ್ಮೆಯಿಲ್ಲದವರು ನಮ್ಮ ಪ್ರತಿಯನ್ನು ಎರವಲು ಪಡೆಯಬಹುದು. ಪುಟಗಳ ನಡುವೆ ಹೂ ಒಣಗಿಸಬಾರದು, ಅಷ್ಟೇ ಷರತ್ತು.