ಗುಂಡಿನ ವೇಗ ಅಳೆದವನು ಕಡಲೂರಿಗೆ ಬಂದ ಕಥೆ



ಬಂದೂಕಿನಿಂದ ಹೊರಟ ಗುಂಡು ಕಣ್ಣಿಗೆ ಕಾಣುವುದಿಲ್ಲ. ಅದರ ವೇಗ ಅಳೆಯುವುದು ಹೇಗೆ? ಇಂದಿನ ಉಪಕರಣಗಳು ಒಂದೂ ಇಲ್ಲದ ಕಾಲದಲ್ಲಿ ಇದಕ್ಕೆ ದಾರಿ ತೋರಿಸಿದವನು ಬೆಂಜಮಿನ್ ರಾಬಿನ್ಸ್. 1707ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಹುಟ್ಟಿದ ಈ ಗಣಿತಜ್ಞ, 1742ರಲ್ಲಿ ಫಿರಂಗಿ ವಿದ್ಯೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ.

ಅವನ ಉಪಾಯ ಬಲು ಸರಳ. ಭಾರವಾದ ಲೋಲಕವೊಂದಕ್ಕೆ ಮರದ ಹಲಗೆ ಜೋಡಿಸಿ ಉಯ್ಯಾಲೆಯಂತೆ ತೂಗುಹಾಕಿದ. ಗುಂಡು ಬಂದು ಹಲಗೆಯಲ್ಲಿ ನಾಟಿಕೊಂಡರೆ ಲೋಲಕ ಹಿಂದಕ್ಕೆ ತೂಗುತ್ತದೆ. ಕೆಳಗೆ ಕಟ್ಟಿದ ರಿಬ್ಬನ್ ಎಷ್ಟು ಎಳೆದುಕೊಂಡಿದೆ ಎಂದು ನೋಡಿದರೆ ಲೋಲಕ ಎಷ್ಟು ಮೇಲೇರಿತೆಂದು ಲೆಕ್ಕ ಹಾಕಬಹುದು.

ಎತ್ತರ ಸಿಕ್ಕರೆ ವೇಗ ಸಿಕ್ಕಂತೆ. ತೂಗುವ ವಸ್ತುವಿನ ಚಲನಶಕ್ತಿ ಮೇಲೇರುತ್ತ ಹೋದಂತೆ ಪ್ರಚ್ಛನ್ನಶಕ್ತಿಯಾಗುತ್ತದೆ; ಎರಡರ ಮೊತ್ತ ಬದಲಾಗದು. ಎತ್ತರಕ್ಕೂ ವೇಗಕ್ಕೂ ಇರುವ ಈ ನಂಟನ್ನು ಗೆಲಿಲಿಯೋ 1638ರಲ್ಲೇ ಬರೆದಿದ್ದ. ‘ಶಕ್ತಿ ಸಂರಕ್ಷಣೆ’ ಎಂಬ ಹೆಸರು ಬಂದದ್ದು 19ನೇ ಶತಮಾನದಲ್ಲಿ.

ಒಂದು ಉದಾಹರಣೆ ನೋಡೋಣ. ಹಲಗೆ 20 ಸೆಂಟಿಮೀಟರ್ ಮೇಲೇರಿತು ಎನ್ನಿ. 0.2 ಮೀಟರನ್ನು 9.8ರಿಂದ, ಮತ್ತೆ 2ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಸೆಕೆಂಡಿಗೆ ಸುಮಾರು 2 ಮೀಟರ್. ತೂಕದ ಗೊಡವೆಯೇ ಇಲ್ಲ!

ಆದರೆ ಇದು ಹಲಗೆಯ ವೇಗ, ಗುಂಡಿನದಲ್ಲ. ಇಲ್ಲಿಯೇ ಎಚ್ಚರ ಬೇಕು. ಹಲಗೆ ಗುಂಡಿಗಿಂತ 250 ಪಟ್ಟು ಭಾರವಿದ್ದು, ಗುಂಡಿನ ಶಕ್ತಿಯೆಲ್ಲ ಎತ್ತರವಾಯಿತು ಎಂದುಕೊಂಡರೆ ಉತ್ತರ ಸೆಕೆಂಡಿಗೆ ಬರೀ 31 ಮೀಟರ್ ಬರುತ್ತದೆ. ಅದು ತಪ್ಪು. ನಾಟುವಾಗ ಗುಂಡಿನ ಶಕ್ತಿಯ ಬಹುಪಾಲು ಮರವನ್ನು ಸೀಳುವುದರಲ್ಲಿ, ಬಿಸಿಯಾಗುವುದರಲ್ಲಿ ಕಳೆದುಹೋಗುತ್ತದೆ. ಉಳಿಯುವುದು 251ರಲ್ಲಿ ಒಂದು ಪಾಲು. ಆ ಕ್ಷಣದಲ್ಲಿ ಕೈಬಿಡದೆ ಉಳಿಯುವುದು ಸಂವೇಗ, ಅಂದರೆ ತೂಕ ಮತ್ತು ವೇಗಗಳ ಗುಣಲಬ್ಧ. ಅದರಂತೆ ಲೆಕ್ಕ ಹಾಕಿದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಡಿಕ್ಕಿಗೆ ಸಂವೇಗ, ಆಮೇಲಿನ ತೂಗಾಟಕ್ಕೆ ಶಕ್ತಿ. ಪರೀಕ್ಷೆಗೆ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಇದೊಂದನ್ನು ಹೇಳಿಕೊಡಿ.

ಬೇರೆ ಬೇರೆ ದೂರದಿಂದ ಗುಂಡು ಹಾರಿಸಿ ರಾಬಿನ್ಸ್ ಇನ್ನೊಂದು ಸಂಗತಿ ಕಂಡುಕೊಂಡ. ಲೆಕ್ಕಕ್ಕೇ ಇಲ್ಲವೆಂದು ಹಲವರು ಬಗೆದಿದ್ದ ಗಾಳಿಯ ತಡೆ ವೇಗದ ಗುಂಡಿಗೆ ಬಹಳ ದೊಡ್ಡದು. ಮಹಾಗಣಿತಜ್ಞ ಆಯ್ಲರ್ 1745ರಲ್ಲಿ ಈ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ. 1746ರಲ್ಲಿ ರಾಯಲ್ ಸೊಸೈಟಿಯ ಕೋಪ್ಲಿ ಪದಕವೂ ರಾಬಿನ್ಸ್‌ಗೆ ಬಂತು.

ಅದೇ 1746ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದರು. 1749ರಲ್ಲಿ ಅದು ಇಂಗ್ಲಿಷರಿಗೆ ಮರಳಿತು. ಕೋಟೆಗಳನ್ನು ಭದ್ರಪಡಿಸಲು ಈಸ್ಟ್ ಇಂಡಿಯಾ ಕಂಪನಿ ಕರೆತಂದ ಎಂಜಿನಿಯರ್ ಇದೇ ರಾಬಿನ್ಸ್. 1750ರಲ್ಲಿ ಬಂದವನು ಮರುವರ್ಷವೇ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಕಾಯಿಲೆಯಿಂದ ತೀರಿಕೊಂಡ. 1758ರಲ್ಲಿ ಆ ಕೋಟೆಯೂ ಫ್ರೆಂಚರ ಕೈಸೇರಿತು.

ಚೆನ್ನೈ ಕೇಳುಗರೇ, ಪುದುಚೇರಿಗೆ ಹೋದಾಗ ಇನ್ನೊಂದಿಷ್ಟು ಮುಂದೆ ಹೋದರೆ ಕಡಲೂರು ಸಿಗುತ್ತದೆ. ನಿಮ್ಮ ಮಕ್ಕಳ ಪಠ್ಯಪುಸ್ತಕದ ಲೆಕ್ಕವೊಂದರ ಹಿಂದಿರುವ ಮನುಷ್ಯ ಕೊನೆಯುಸಿರೆಳೆದ ಊರು ಅದು.